ಬೆಲೆ, ಬಿಲ್ಲು, ಬಾಕಿ: ಕೊಡಗಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ದುಡ್ಡಿನ ಇಂಗ್ಲಿಷ್

ಕೊಡಗಿಗೆ ಬಂದಿಳಿದ ಕನ್ನಡ ಕುಟುಂಬಕ್ಕೆ ಮಾತಿನ ತೊಂದರೆ ಅಷ್ಟಾಗಿ ಆಗುವುದಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಆಡುವವರೂ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ. ತೊಡಕು ಶುರುವಾಗುವುದು ಕಾಗದ ಕೈಗೆ ಬಂದಾಗ. ಬಾಡಿಗೆ ಕರಾರು, ಶಾಲೆಯ ಫೀ ರಸೀದಿ, ತೋಟದ ಪೇ ಸ್ಲಿಪ್, ಹೋಟೆಲಿನ ಬಿಲ್ಲು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ. ರೆಸಾರ್ಟ್, ಹೋಂಸ್ಟೇ, ಸಾಂಬಾರ ಪದಾರ್ಥದ ಅಂಗಡಿಗಳಲ್ಲಿ ಕೆಲಸಕ್ಕೆ ಸೇರಿದವರಂತೂ ಚೆನ್ನೈ, ಹೈದರಾಬಾದ್, ಮುಂಬೈಯಿಂದ ಬಂದ ಗಿರಾಕಿಗೆ ಇಂಗ್ಲಿಷಿನಲ್ಲೇ ದರ ಹೇಳಬೇಕು.

ಇಲ್ಲಿ ವ್ಯಾಕರಣ ಪಾಠವಿಲ್ಲ. ದುಡ್ಡಿನ ಯಾವ ಇಂಗ್ಲಿಷ್ ಪದ ಎದುರಾದರೂ ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು. ಈ ದರ ಯಾವುದಕ್ಕೆ: ತಲೆಗೋ, ಕೆಜಿಗೋ, ದಿನಕ್ಕೋ, ಇಡೀ ಗಾಡಿಗೋ? ಇದರಲ್ಲಿ ಏನೇನು ಸೇರಿದೆ? ಕೊಟ್ಟ ದುಡ್ಡು ವಾಪಸ್ ಬರುತ್ತದೆಯೋ ಇಲ್ಲವೋ? ಜಗಳಗಳು ಹುಟ್ಟುವುದು ಬೆಲೆ ಹೆಚ್ಚಾಯಿತು ಅಂತಲ್ಲ, ಈ ಮೂರರಲ್ಲಿ ಒಂದನ್ನು ಮೊದಲೇ ಕೇಳದೆ ಬಿಟ್ಟದ್ದರಿಂದ.

ಕಿವಿಗೆ ಬೀಳುವ ಸಂಖ್ಯೆ

ಅಂಗಡಿಯ ಗದ್ದಲದಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳುತ್ತವೆ. ಥರ್ಟೀನ್–ಥರ್ಟಿ, ಸಿಕ್ಸ್‌ಟೀನ್–ಸಿಕ್ಸ್‌ಟಿ ಜೋಡಿಗಳೂ ಹಾಗೆಯೇ. ಹದಿನೈದು ಹೇಳುವಾಗ ಕೊನೆಯ 'ಟೀನ್' ಎಳೆದು ಒತ್ತಿ ಹೇಳಬೇಕು, ಐವತ್ತು ಹೇಳುವಾಗ ಮೊದಲಿನ 'ಫಿಫ್' ಒತ್ತಿ 'ಟಿ'ಯನ್ನು ತುಂಡಾಗಿ ಬಿಡಬೇಕು. ಅನುಮಾನ ಬಂದರೆ ಅಂಕಿಗಳನ್ನು ಬಿಡಿಸಿ ಕೇಳುವುದೇ ಕ್ಷೇಮ: 'ಫಿಫ್ಟೀನ್? ಒನ್ ಫೈವ್?' ಅಥವಾ 'ಫಿಫ್ಟಿ? ಫೈವ್ ಝೀರೋ?' ವ್ಯಾಪಾರದಲ್ಲಿ ಹೀಗೆ ಕೇಳುವುದಕ್ಕೆ ಯಾರೂ ನಗುವುದಿಲ್ಲ.

'ಟ್ವೆಲ್ವ್ ಫಿಫ್ಟಿ' ಅಂದರೆ 1,250. 'ಟೂ ಫಿಫ್ಟಿ' ಅಂದರೆ 250. ಮೊದಲನೆಯದರಲ್ಲಿ ಹಂಡ್ರೆಡ್ ನುಂಗಿಹೋಗಿದೆ, ಎರಡನೆಯದರಲ್ಲೂ ಅಷ್ಟೇ. 'ಟೂ ಹಂಡ್ರೆಡ್' ಇನ್ನೂರಾದರೆ 'ಟೂ ಫಾರ್ ಹಂಡ್ರೆಡ್' ಅಂದರೆ ನೂರಕ್ಕೆ ಎರಡು. ನಡುವಿನ 'ಫಾರ್' ಕೇಳಿಸದೆ ಹೋದರೆ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ. ಬುಕಿಂಗ್ ಮಾಡುವ ಹುಡುಗರು ಮೆಸೇಜಿನಲ್ಲಿ 'ತ್ರೀ ಪಾಯಿಂಟ್ ಫೈವ್ ಕೆ' ಅಂತ ಬರೆದರೆ ಅದು 3,500. ಇಲ್ಲಿ ಕೆ ಎಂದರೆ ಸಾವಿರ, ಕೆಜಿ ಅಲ್ಲ. ವಿದೇಶಿ ಅತಿಥಿಗಳಿಗೆ ಲ್ಯಾಕ್, ಕ್ರೋರ್ ತಿಳಿಯದಿರಬಹುದು. ಒಂದು ಲಕ್ಷವನ್ನು 'ಒನ್ ಹಂಡ್ರೆಡ್ ತೌಸಂಡ್' ಎನ್ನಿ. ಹತ್ತು ಲಕ್ಷ ಅವರಿಗೆ ಒಂದು ಮಿಲಿಯನ್.

ಬೆಲೆಗೆ ಹಲವು ಹೆಸರು

ಕನ್ನಡದಲ್ಲಿ 'ಎಷ್ಟು?' ಅಂದರೆ ಸಾಕು, ಇಂಗ್ಲಿಷ್ ಇದನ್ನು ಹಂಚಿಹಾಕಿದೆ. ವಸ್ತುವಿಗೆ ಪ್ರೈಸ್. ಅಳತೆಗೋ ದಿನಕ್ಕೋ ಇಷ್ಟು ಎಂದಾದರೆ ರೇಟ್. ಬಸ್ಸು, ಆಟೋ, ಟ್ಯಾಕ್ಸಿಗೆ ಫೇರ್. ಡಾಕ್ಟರು, ವಕೀಲರು, ಶಾಲೆ, ಪ್ರವೇಶಕ್ಕೆ ಫೀ. ರಿಪೇರಿ, ಡೆಲಿವರಿ, ಪಾರ್ಕಿಂಗಿನಂತಹ ಸೇವೆಗೆ ಚಾರ್ಜ್. ಮನೆಗೆ ರೆಂಟ್, ರಸ್ತೆಗೆ ಟೋಲ್, ತಪ್ಪಿಗೆ ಫೈನ್. ರೆಸಾರ್ಟಿನ ಕೋಣೆ ದರದ ಪಟ್ಟಿಗೆ ಟ್ಯಾರಿಫ್ ಎನ್ನುತ್ತಾರೆ. ಒಂದರ ಬದಲು ಇನ್ನೊಂದು ಹೇಳಿದರೆ ಕೆಲಸವೇನೂ ಕೆಡುವುದಿಲ್ಲ, ಎದುರಿನವರಿಗೆ ತಿಳಿಯುತ್ತದೆ. ಆದರೆ ಕಾಗದದಲ್ಲಿ ಫೀ ಒಂದು ಸಾಲಿನಲ್ಲಿ, ಚಾರ್ಜ್ ಇನ್ನೊಂದು ಸಾಲಿನಲ್ಲಿ ಇದ್ದರೆ ಅವು ಎರಡು ಬೇರೆ ವಸೂಲಿ ಎಂದು ತಿಳಿಯಿರಿ.

ಕೇಳುವ ವಾಕ್ಯಗಳಲ್ಲಿ ಮೂರು ಬಾಯಿಪಾಠವಾದರೆ ಸಾಕು. ಒಂದು ವಸ್ತುವಿಗೆ 'ಹೌ ಮಚ್ ಈಸ್ ದಿಸ್?' ಎಲ್ಲ ಸೇರಿ ಎಷ್ಟಾಯಿತು ಎನ್ನಲು 'ಹೌ ಮಚ್ ಈಸ್ ಇಟ್ ಆಲ್ಟುಗೆದರ್?' ಅಳತೆ ಕೇಳಲು 'ಈಸ್ ದಟ್ ಪರ್ ಕೆಜಿ ಆರ್ ಪರ್ ಪ್ಯಾಕೆಟ್?' ನಾವು ಸಾಮಾನ್ಯವಾಗಿ ಹೇಳಿಬಿಡುವ 'ಹೌ ಮಚ್ ಇಟ್ ವಿಲ್ ಕಮ್?' ಕನ್ನಡದ 'ಎಷ್ಟು ಬರುತ್ತೆ'ಯ ನೇರ ಅನುವಾದ. ಊರಿನಲ್ಲಿ ಅದು ನಡೆಯುತ್ತದೆ, ಹೊರಗಿನವರು ಒಂದು ಕ್ಷಣ ಯೋಚಿಸುತ್ತಾರೆ. ಖರ್ಚು ಮಾಡಿದೆ ಎನ್ನಲು 'ಸ್ಪೆಂಟ್ ಆನ್': 'ವಿ ಸ್ಪೆಂಟ್ ಟೂ ತೌಸಂಡ್ ಆನ್ ಬುಕ್ಸ್.' ಇಲ್ಲಿ 'ಫಾರ್' ಬಾರದು. ದುಡ್ಡು ಕೊಟ್ಟೆ ಎನ್ನುವಾಗ ಮಾತ್ರ 'ಪೇಯ್ಡ್ ಫಾರ್'.

ಅಗ್ಗ ಎನ್ನುವುದಕ್ಕೆ 'ಚೀಪ್' ಎಂದು ಮಾರುವವರು ಹೇಳಬಾರದು. ಮಾಲು ಕಳಪೆ ಎಂಬ ಧ್ವನಿ ಅದರಲ್ಲಿದೆ. 'ರೀಸನಬಲ್' ಅಥವಾ 'ಗುಡ್ ಪ್ರೈಸ್' ಎನ್ನಿ. ಕೊಳ್ಳುವವರು ಚೌಕಾಸಿ ಮಾಡುವಾಗ 'ಟೂ ಕಾಸ್ಟ್‌ಲಿ' ಎಂದು ಮುಖ ಸಿಂಡರಿಸುವುದಕ್ಕಿಂತ 'ಇಟ್ಸ್ ಎ ಬಿಟ್ ಓವರ್ ಅವರ್ ಬಜೆಟ್' ಎಂದರೆ ಬೆಲೆ ಇಳಿಯುವ ಸಂಭವ ಹೆಚ್ಚು. 'ಫಿಕ್ಸೆಡ್ ಪ್ರೈಸ್' ಬೋರ್ಡು ಇದ್ದಲ್ಲಿ ಕೇಳಿ ಪ್ರಯೋಜನವಿಲ್ಲ. ಸಂತೆಯಲ್ಲಿ ಚೌಕಾಸಿಗೆ ಇಂಗ್ಲಿಷ್ ಬೇಕಾಗಿಯೂ ಇಲ್ಲ. 'ಅಣ್ಣ, ಸ್ವಲ್ಪ ನೋಡಿ ಹಾಕಿ' ಅನ್ನುವುದಕ್ಕೆ ಸರಿಸಾಟಿಯಾದ ಇಂಗ್ಲಿಷ್ ಇನ್ನೂ ಹುಟ್ಟಿಲ್ಲ.

ಪ್ಯಾಕೆಟ್ ಮೇಲಿನ ಬರಹ

ಎಂ.ಆರ್.ಪಿ ಎಂದರೆ ಎಲ್ಲ ತೆರಿಗೆ ಸೇರಿ ಗರಿಷ್ಠ ಚಿಲ್ಲರೆ ಬೆಲೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಸೇರಿಸುವಂತಿಲ್ಲ, 'ಕೂಲಿಂಗ್ ಚಾರ್ಜ್' ಎಂದು ಫ್ರಿಜ್ಜಿನ ಬಾಟಲಿಗೆ ಎರಡು ರೂಪಾಯಿ ಹೆಚ್ಚು ಕೇಳುವಂತೆಯೂ ಇಲ್ಲ. ಕಡಿಮೆಗೆ ಮಾರುವುದಕ್ಕೆ ಅಡ್ಡಿಯಿಲ್ಲ, ಹಾಗಾಗಿ ಎಂ.ಆರ್.ಪಿ.ಯಲ್ಲೂ ಚೌಕಾಸಿ ಮಾಡಬಹುದು. ಒಂದು ವಿನಾಯಿತಿ ನೆನಪಿಡಿ: ಹೋಟೆಲಿನಲ್ಲಿ ಕೂತು ತರಿಸಿಕೊಂಡ ನೀರಿನ ಬಾಟಲಿಗೆ ಎಂ.ಆರ್.ಪಿ.ಗಿಂತ ಹೆಚ್ಚು ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಏಕೆಂದರೆ ಅಲ್ಲಿ ಸೇವೆಯೂ ಸೇರಿದೆ. ಮೆನು ನೋಡಿ ತರಿಸಿ. ಬೇಕರಿ, ಕಿರಾಣಿ ಅಂಗಡಿಗೆ ಇದು ಅನ್ವಯಿಸುವುದಿಲ್ಲ.

'ನೆಟ್ ವೇಟ್' ಒಳಗಿನ ಮಾಲಿನ ತೂಕ, 'ಗ್ರಾಸ್ ವೇಟ್' ಡಬ್ಬಿ ಸೇರಿ, 'ಟೇರ್' ಖಾಲಿ ಡಬ್ಬಿಯದ್ದು. ಈ ಮೂರೂ ಕಣ್ಣಿಗೆ ಕಟ್ಟುವುದು ಗ್ಯಾಸ್ ಸಿಲಿಂಡರಿನಲ್ಲಿ. ಮನೆಬಳಕೆಯ ಸಿಲಿಂಡರಿನ ನೆಟ್ 14.2 ಕೆಜಿ. ಹಿಡಿಕೆಯ ಹತ್ತಿರ ಟೇರ್ 15.3 ಎಂದು ಬರೆದಿದ್ದರೆ ತುಂಬಿದ ಸಿಲಿಂಡರ್ 29.5 ಕೆಜಿ ತೂಗಬೇಕು. ತಂದವರ ಬಳಿ ತಕ್ಕಡಿ ಇರಬೇಕು, ತೂಗಿಸಿ ಎಂದು ಕೇಳಲು ಸಂಕೋಚ ಬೇಡ. ಸ್ವೀಟ್ ಅಂಗಡಿಯಲ್ಲೂ ಹೀಗೆಯೇ: ರಟ್ಟಿನ ಪೆಟ್ಟಿಗೆಯ ತೂಕ ಕಳೆದು ಮಿಠಾಯಿ ತೂಗಬೇಕು. 'ಪ್ಲೀಸ್ ಡೋಂಟ್ ವೇ ದಿ ಬಾಕ್ಸ್.'

ಈಗಿನ ಪ್ಯಾಕೆಟ್‌ಗಳ ಮೇಲೆ ಎಂ.ಆರ್.ಪಿ ಪಕ್ಕ ಸಣ್ಣ ಅಕ್ಷರದಲ್ಲಿ ಯು.ಎಸ್.ಪಿ ಎಂದು ಇನ್ನೊಂದು ಬೆಲೆ ಇರುತ್ತದೆ. ಅದು ಗ್ರಾಮಿಗೆ ಅಥವಾ ಕೆಜಿಗೆ ಎಷ್ಟು ಬಿದ್ದಿತು ಎಂಬ ಲೆಕ್ಕ. 'ಬಿಗ್ ಪ್ಯಾಕ್, ಮೋರ್ ಸೇವಿಂಗ್ಸ್' ಎಂದು ಬರೆದ ದೊಡ್ಡ ಪ್ಯಾಕೆಟ್ ನಿಜಕ್ಕೂ ಅಗ್ಗವೇ ಎಂಬುದನ್ನು ಇದೊಂದೇ ಸಾಲು ಹೇಳುತ್ತದೆ. ಕೆಲವೊಮ್ಮೆ ಉತ್ತರ ಇಲ್ಲ ಎಂದೇ ಬರುತ್ತದೆ.

ಕಾಫಿ ನಾಡಿಗೆ ಬಂದವರು ಕಾಫಿಪುಡಿ ಕೊಳ್ಳುವಾಗ ಮೋಸಹೋಗುವುದು ವಿಪರ್ಯಾಸ, ಆದರೂ ಆಗುತ್ತದೆ. 'ಪ್ಯೂರ್ ಕಾಫಿ' ಎಂದರೆ ಚಿಕೋರಿ ಇಲ್ಲದ್ದು. 'ಬ್ಲೆಂಡೆಡ್' ಅಥವಾ 'ಕಾಫಿ ಚಿಕೋರಿ ಮಿಕ್ಸ್ಚರ್' ಎಂದಿದ್ದರೆ ಎರಡರ ಶೇಕಡಾವಾರು ಪ್ಯಾಕೆಟ್ ಮೇಲೆ ಬರೆದಿರಲೇಬೇಕು, ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. 80:20 ಮತ್ತು 55:45 ಪ್ಯಾಕೆಟ್‌ಗಳ ಬೆಲೆ ಹೋಲಿಸುವಾಗ ಹೋಲಿಸಬೇಕಾದ್ದು ಬೆಲೆಯನ್ನಲ್ಲ, ಮೊದಲು ಈ ಅಂಕಿಯನ್ನು.

ಡಿಸ್ಕೌಂಟಿನ ಬೋರ್ಡುಗಳಲ್ಲಿ ಕಣ್ಣಿಡಬೇಕಾದದ್ದು ಚಿಕ್ಕ ಪದದ ಮೇಲೆ. 'ಫ್ಲಾಟ್ 50 ಪರ್ಸೆಂಟ್ ಆಫ್' ಎಂದರೆ ಎಲ್ಲದಕ್ಕೂ ಅರ್ಧ ಬೆಲೆ. 'ಅಪ್‌ಟು 50' ಎಂದರೆ ಎಲ್ಲೋ ಒಂದೆರಡು ವಸ್ತುವಿಗೆ ಅಷ್ಟು, ಉಳಿದದ್ದಕ್ಕೆ ಐದೋ ಹತ್ತೋ. 'ಬೈ ಟೂ ಗೆಟ್ ಒನ್' ಎಂದರೆ ಮೂರು ವಸ್ತುವಿಗೆ ಎರಡರ ಬೆಲೆ, ಅಂದರೆ ಸುಮಾರು ಶೇ 33 ರಿಯಾಯಿತಿ, ಅದೂ ಮೂರು ಬೇಕಾಗಿದ್ದರೆ ಮಾತ್ರ. '50 ಆ್ಯಂಡ್ 20 ಪರ್ಸೆಂಟ್ ಆಫ್' ಎಂಬುದು ಶೇ 70 ಅಲ್ಲ. ಸಾವಿರದ ಬಟ್ಟೆ ಮೊದಲು 500 ಆಗಿ, ಆಮೇಲೆ ಅದರ ಮೇಲೆ ಶೇ 20 ಇಳಿದು 400 ಆಗುತ್ತದೆ. 'ಕಂಡಿಷನ್ಸ್ ಅಪ್ಲೈ' ಎಂಬ ನಕ್ಷತ್ರ ಗುರುತು ಕಂಡರೆ ಕೌಂಟರಿಗೆ ಹೋಗುವ ಮೊದಲೇ ಕೇಳಿ: 'ವಿಚ್ ಐಟಮ್ಸ್ ಆರ್ ನಾಟ್ ಇನ್‌ಕ್ಲೂಡೆಡ್?'

ಬಿಲ್ಲನ್ನು ಕೆಳಗಿನಿಂದ ಓದಿ

'ಸಬ್ ಟೋಟಲ್' ತೆರಿಗೆಗೆ ಮುಂಚಿನ ಮೊತ್ತ, 'ಗ್ರ್ಯಾಂಡ್ ಟೋಟಲ್' ಅಥವಾ 'ನೆಟ್ ಪೇಯಬಲ್' ನೀವು ಕೊಡಬೇಕಾದದ್ದು. ಇವೆರಡರ ನಡುವೆ ಏನಿದೆ ಎಂಬುದನ್ನು ನೋಡುವುದೇ ಬಿಲ್ಲು ಓದುವುದು. ಸಾಮಾನ್ಯ ಹೋಟೆಲಿನಲ್ಲಿ ಊಟಕ್ಕೆ 400 ಆದರೆ ಸಿಜಿಎಸ್‌ಟಿ ಶೇ 2.5, ಅಂದರೆ 10 ರೂಪಾಯಿ, ಎಸ್‌ಜಿಎಸ್‌ಟಿ ಇನ್ನೊಂದು 10, ಒಟ್ಟು 420. ಎರಡು ಸಾಲು ಕಂಡು ಎರಡು ಸಲ ತೆರಿಗೆ ಹಾಕಿದರು ಎಂದು ರೇಗಬೇಡಿ. ಅದು ಶೇ 5ರ ಎರಡು ಪಾಲು, ಒಂದು ಕೇಂದ್ರಕ್ಕೆ, ಇನ್ನೊಂದು ರಾಜ್ಯಕ್ಕೆ. ಕೋಣೆಯ ದರ ದಿನಕ್ಕೆ 7,500 ದಾಟುವ ದೊಡ್ಡ ಹೋಟೆಲುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಇದೇ ಊಟಕ್ಕೆ ಶೇ 18 ಬೀಳಬಹುದು.

ತೆರಿಗೆ ವಸೂಲು ಮಾಡುವ ಅಂಗಡಿಯ ಬಿಲ್ಲಿನಲ್ಲಿ 15 ಅಕ್ಷರ–ಅಂಕಿಗಳ ಜಿಎಸ್‌ಟಿ ನಂಬರ್ ಇರಲೇಬೇಕು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ನಂಬರ್ ಇಲ್ಲದೆ ತೆರಿಗೆ ಮಾತ್ರ ಇದ್ದರೆ ಆ ದುಡ್ಡು ಸರ್ಕಾರಕ್ಕೆ ಹೋಗುವುದು ಅನುಮಾನ. 'ಬಿಲ್ ಆಫ್ ಸಪ್ಲೈ' ಎಂಬ ತಲೆಬರಹದ ಕೆಳಗೆ 'ಕಾಂಪೊಸಿಷನ್ ಟ್ಯಾಕ್ಸಬಲ್ ಪರ್ಸನ್' ಎಂದಿದ್ದರೆ ಆ ವ್ಯಾಪಾರಿ ಗಿರಾಕಿಯಿಂದ ಬೇರೆಯಾಗಿ ತೆರಿಗೆ ಕೇಳುವಂತೆಯೇ ಇಲ್ಲ.

'ಸರ್ವಿಸ್ ಚಾರ್ಜ್' ತೆರಿಗೆ ಅಲ್ಲ, ಅದು ಟಿಪ್ಸಿನ ಇನ್ನೊಂದು ವೇಷ. ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಸೂಚನೆ ಹೊರಡಿಸಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. 'ಪ್ಲೀಸ್ ರಿಮೂವ್ ದಿ ಸರ್ವಿಸ್ ಚಾರ್ಜ್' ಎಂದರೆ ತೆಗೆಯಬೇಕು. ಬಡಿಸಿದವರಿಗೆ ಖುಷಿಯಿಂದ ಕೈಯಲ್ಲಿ ಕೊಡುವುದು ನಿಮ್ಮ ಇಷ್ಟ. 'ರೌಂಡ್ ಆಫ್' ಪೈಸೆಯನ್ನು ರೂಪಾಯಿಗೆ ಸರಿಮಾಡುವ ಸಾಲು, ಅದು ಒಂದು ರೂಪಾಯಿ ದಾಟಬಾರದು.

ಚಿಲ್ಲರೆಗೆ ಇಂಗ್ಲಿಷಿನಲ್ಲಿ 'ಚೇಂಜ್'. 'ಡು ಯು ಹ್ಯಾವ್ ಚೇಂಜ್ ಫಾರ್ ಫೈವ್ ಹಂಡ್ರೆಡ್?' ಎಂದರೆ ಐನೂರಕ್ಕೆ ಚಿಲ್ಲರೆ ಇದೆಯೇ. 'ಕೀಪ್ ದಿ ಚೇಂಜ್' ಎಂದು ಅತಿಥಿ ಹೇಳಿದರೆ ಉಳಿದದ್ದು ನಿಮಗೆ, ವಾಪಸ್ ಕೊಡಲು ಓಡಬೇಡಿ.

ಮನೆ ಹಿಡಿಯುವಾಗ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪ, ಎಲ್ಲಿ ಮನೆ ಹುಡುಕಿದರೂ 'ಅಡ್ವಾನ್ಸ್' ಎಂಬ ಪದ ಮೊದಲು ಬರುತ್ತದೆ. ಇದು ಎರಡರ್ಥದ ಪದ. ಮನೆ ಬಿಡುವಾಗ ವಾಪಸ್ ಬರುವ ಠೇವಣಿಗೂ ಅಡ್ವಾನ್ಸ್, ಮುಂದಿನ ತಿಂಗಳ ಬಾಡಿಗೆಯನ್ನು ಮೊದಲೇ ಕೊಟ್ಟರೆ ಅದಕ್ಕೂ ಅಡ್ವಾನ್ಸ್. ಕರಾರಿನಲ್ಲಿ 'ರಿಫಂಡಬಲ್ ಸೆಕ್ಯುರಿಟಿ ಡೆಪಾಸಿಟ್' ಎಂದು ಬರೆಸಿ. ಗೊಂದಲ ಅಲ್ಲೇ ಮುಗಿಯುತ್ತದೆ. 'ಟೋಕನ್ ಅಡ್ವಾನ್ಸ್' ಬೇರೆ: ಮನೆಯನ್ನು ಬೇರೆಯವರಿಗೆ ಕೊಡದಂತೆ ಹಿಡಿದಿಡಲು ಕೊಡುವ ಸಣ್ಣ ಮೊತ್ತ, ನೀವು ಮನಸ್ಸು ಬದಲಿಸಿದರೆ ಬಹುತೇಕ ಹೋದಂತೆಯೇ. ಕೊಡುವ ಮೊದಲು 'ಈಸ್ ದಿಸ್ ಅಡ್ಜಸ್ಟೆಡ್ ಇನ್ ದಿ ಡೆಪಾಸಿಟ್?' ಎಂದು ಕೇಳಿ, ಅಂದರೆ ಠೇವಣಿಯಲ್ಲಿ ಹಿಡಿದುಕೊಳ್ಳುತ್ತೀರಾ.

ಕರಾರಿನಲ್ಲಿ 'ಡಿಡಕ್ಷನ್ಸ್' ಎಂಬ ಸಾಲನ್ನು ಎರಡು ಸಲ ಓದಿ. ಬಣ್ಣ ಹೊಡೆಸುವ ಖರ್ಚು ಠೇವಣಿಯಲ್ಲಿ ಕಡಿತ ಎಂದು ಅದರಲ್ಲಿ ಇರುತ್ತದೆ. ಇಲ್ಲಿನ ಮಳೆಗಾಲಕ್ಕೆ ಗೋಡೆಗೆ ಬೂಷ್ಟು ಹಿಡಿಯುವುದು ಬಾಡಿಗೆದಾರರ ತಪ್ಪಲ್ಲ. ಕಡಿತ ಎಷ್ಟರವರೆಗೆ ಎಂಬ ಮೊತ್ತವನ್ನು ಮೊದಲೇ ಬರೆಸುವುದು, ಮನೆಗೆ ಹೋದ ದಿನವೇ ಗೋಡೆಗಳ ಫೋಟೋ ತೆಗೆದಿಡುವುದು ಒಳ್ಳೆಯದು. 'ಎನ್‌ಹಾನ್ಸ್‌ಮೆಂಟ್' ಎಂದರೆ ವರ್ಷಕ್ಕೆ ಬಾಡಿಗೆ ಏರುವ ಪ್ರಮಾಣ. 'ನೋಟಿಸ್ ಪೀರಿಯಡ್' ಮನೆ ಬಿಡುವ ಮೊದಲು ತಿಳಿಸಬೇಕಾದ ಅವಧಿ. ಅದನ್ನು ಪಾಲಿಸದಿದ್ದರೆ ಅಷ್ಟು ತಿಂಗಳ ಬಾಡಿಗೆ ಠೇವಣಿಯಲ್ಲೇ ಹೋಗುತ್ತದೆ.

ಕೊಡಗಿಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಬಿಲ್ಲಿನಲ್ಲಿ 'ಫಿಕ್ಸೆಡ್ ಚಾರ್ಜ್' ಮಂಜೂರಾದ ಕಿಲೋವ್ಯಾಟಿಗೆ ತಕ್ಕಂತೆ ಬರುವುದು, ಲೈಟೇ ಹಾಕದಿದ್ದರೂ ಇದ್ದೇ ಇರುತ್ತದೆ. 'ಎನರ್ಜಿ ಚಾರ್ಜ್' ಯೂನಿಟ್ ಲೆಕ್ಕದ್ದು. 'ಅರಿಯರ್ಸ್' ಹಳೆಯ ಬಾಕಿ. ಮನೆ ಹಿಡಿಯುವ ಮೊದಲು ಹಿಂದಿನ ತಿಂಗಳ ಬಿಲ್ಲು ಕೇಳಿ ನೋಡಿ, ಹಿಂದಿನವರ ಅರಿಯರ್ಸ್ ಇದ್ದರೆ ಮಾಲೀಕರಿಂದ ಮೊದಲು ಕಟ್ಟಿಸಿ. ಗೃಹಜ್ಯೋತಿ ಪಡೆಯುತ್ತಿದ್ದವರು ಹಿಂದಿನ ಊರಿನ ಮನೆಯ ಆರ್.ಆರ್. ನಂಬರಿನಿಂದ (ಬಿಲ್ಲಿನ ಮೇಲಿರುವ ಕರೆಂಟು ಸಂಪರ್ಕದ ಸಂಖ್ಯೆ) ತಮ್ಮ ಆಧಾರನ್ನು 'ಡಿ-ಲಿಂಕ್' ಮಾಡಿಸದೆ ಇಲ್ಲಿ ಹೊಸದಾಗಿ ನೋಂದಾಯಿಸಲು ಹೋದರೆ ಅರ್ಜಿ ನಿಲ್ಲುತ್ತದೆ.

ಶಾಲೆಯ ವಿಷಯ ಚುಟುಕಾಗಿ: 'ಅಡ್ಮಿಷನ್ ಫೀ' ಒಂದೇ ಸಲ, 'ಟ್ಯೂಷನ್ ಫೀ' ವರ್ಷವರ್ಷ, 'ಟರ್ಮ್' ಎಂದರೆ ಕಂತಿನ ಅವಧಿ, 'ಕಾಷನ್ ಡೆಪಾಸಿಟ್' ಮಗು ಶಾಲೆ ಬಿಡುವಾಗ ವಾಪಸ್. ರಸೀದಿ ಇಲ್ಲದ ಯಾವ 'ಡೆವಲಪ್‌ಮೆಂಟ್' ಹಣವನ್ನೂ ಕೊಡಬೇಡಿ.

ಜೀಪು, ಆಟೋ, ಬಸ್ಸು

ಜಿಲ್ಲೆಯಲ್ಲಿ ರೈಲಿಲ್ಲ. ಮಾಂದಲ್‌ಪಟ್ಟಿಯಂತಹ ಗುಡ್ಡದ ತಾಣಗಳಿಗೆ ಜೀಪಿನ ಬಾಡಿಗೆ ಸಾಮಾನ್ಯವಾಗಿ ಇಡೀ ಗಾಡಿಗೆ, ತಲೆಗಲ್ಲ. ಆದರೂ 'ಈಸ್ ಇಟ್ ಪರ್ ಜೀಪ್ ಆರ್ ಪರ್ ಪರ್ಸನ್?' ಎಂದು ಕೇಳದೆ ಹತ್ತಬೇಡಿ. ಮುಂದಿನ ಪ್ರಶ್ನೆ 'ಅಪ್ ಆ್ಯಂಡ್ ಡೌನ್?' ಆಮೇಲೆ 'ಎಂಟ್ರಿ ಫೀ ಇನ್‌ಕ್ಲೂಡೆಡ್?' ಪ್ರವೇಶ, ಪಾರ್ಕಿಂಗ್, ಕ್ಯಾಮೆರಾ ಶುಲ್ಕಗಳು ಬಹಳ ಕಡೆ ಬೇರೆಯಾಗಿಯೇ ಇರುತ್ತವೆ. ಟ್ಯಾಕ್ಸಿಯವರು ಹೇಳುವ 'ವೇಟಿಂಗ್' ನಿಮಗಾಗಿ ನಿಂತ ಹೊತ್ತಿನ ದುಡ್ಡು, 'ಬಾಟಾ' ಚಾಲಕರ ಊಟ–ತಂಗುವಿಕೆಯ ಭತ್ಯೆ. ಕಿಲೋಮೀಟರ್ ದರ ಹೇಳಿದರೆ 'ಮಿನಿಮಮ್ ಎಷ್ಟು ಕಿಲೋಮೀಟರ್' ಎಂಬುದನ್ನೂ ಕೇಳಿ.

ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೆಎಸ್ಆರ್‌ಟಿಸಿಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ, ರಾಜ್ಯದೊಳಗೆ ಮಾತ್ರ. ಇಲ್ಲಿ ಖಾಸಗಿ ಬಸ್ಸುಗಳು ಬಹಳ, ಅವುಗಳಲ್ಲಿ ಟಿಕೆಟ್ ಕೊಳ್ಳಲೇಬೇಕು. ತಿಂಗಳ ಖರ್ಚು ಲೆಕ್ಕ ಹಾಕುವಾಗ ನಿಮ್ಮ ದಾರಿಯಲ್ಲಿ ಓಡುವುದು ಯಾವುದು ಎಂದು ಮೊದಲು ನೋಡಿಕೊಳ್ಳಿ.

ಅತಿಥಿಗೆ ದರ ಹೇಳುವವರಿಗೆ

ಹೋಂಸ್ಟೇಯಲ್ಲಿ ಫೋನ್ ಎತ್ತುವವರು ದರವನ್ನು ಒಂದೇ ಉಸಿರಿನಲ್ಲಿ, ನಾಲ್ಕು ಭಾಗ ಸೇರಿಸಿ ಹೇಳಬೇಕು: ಎಷ್ಟು, ಯಾರಿಗೆ, ಎಷ್ಟು ಹೊತ್ತಿಗೆ, ಏನು ಸೇರಿ. 'ಟೂ ತೌಸಂಡ್ ಪರ್ ಹೆಡ್ ಪರ್ ನೈಟ್, ವಿತ್ ಡಿನ್ನರ್ ಆ್ಯಂಡ್ ಬ್ರೇಕ್‌ಫಾಸ್ಟ್.' ಇದರಲ್ಲಿ 'ಪರ್ ಹೆಡ್' ಬಿಟ್ಟುಹೋದರೆ ಗಂಡ ಹೆಂಡತಿ ಇಬ್ಬರಿಗೂ ಸೇರಿ ಎರಡು ಸಾವಿರ ಎಂದೇ ಅತಿಥಿ ತಿಳಿಯುತ್ತಾರೆ. ಮಾರನೆಯ ದಿನ ನಾಲ್ಕು ಸಾವಿರದ ಬಿಲ್ಲು ಕೊಟ್ಟಾಗ ಆಗುವ ಜಗಳಕ್ಕೆ ಇಬ್ಬರೂ ಕಾರಣರಲ್ಲ, ಬಿಟ್ಟುಹೋದ ಎರಡು ಪದ ಕಾರಣ. 'ಪರ್ ಡೇ' ಎನ್ನುವುದಕ್ಕಿಂತ 'ಪರ್ ನೈಟ್' ಸ್ಪಷ್ಟ, ಜೊತೆಗೆ ಚೆಕ್ ಇನ್, ಚೆಕ್ ಔಟ್ ಸಮಯ ಹೇಳಿಬಿಡಿ.

ಮಕ್ಕಳು, ಹೆಚ್ಚುವರಿ ಹಾಸಿಗೆ, ಚಾಲಕರ ವಸತಿ, ಕ್ಯಾಂಪ್‌ಫೈರ್, ಇವಿಷ್ಟೂ ಬಾಯಲ್ಲಿ ಬಾರದಿದ್ದರೆ ಬಿಲ್ಲಿನಲ್ಲೂ ಬರಬಾರದು. 'ಚಿಲ್ಡ್ರನ್ ಬಿಲೋ ಫೈವ್ ಆರ್ ಫ್ರೀ, ಎಕ್ಸ್‌ಟ್ರಾ ಬೆಡ್ ಈಸ್ ಫೈವ್ ಹಂಡ್ರೆಡ್.' 'ಕಾಂಪ್ಲಿಮೆಂಟರಿ' ಎಂದರೆ ಪುಕ್ಕಟೆ; ಕಾಫಿ ಕಾಂಪ್ಲಿಮೆಂಟರಿ ಎಂದು ಹೇಳಿ ಆಮೇಲೆ ಬರೆಯುವಂತಿಲ್ಲ. 'ಸ್ಟಾರ್ಟಿಂಗ್ ಫ್ರಮ್' ಎಂದರೆ ಕನಿಷ್ಠ ದರ, ಅತಿಥಿಗೆ ಬೇಕಾದ ಕೋಣೆಗೆ ಅದಕ್ಕಿಂತ ಹೆಚ್ಚಾದರೆ ಆ ಹೆಚ್ಚಿನ ಅಂಕಿಯನ್ನೇ ಹೇಳಿ. ಮಡಿಕೇರಿ ದಸರಾ, ತಲಕಾವೇರಿ ತೀರ್ಥೋದ್ಭವ, ಡಿಸೆಂಬರಿನ ಕೊನೆಯ ವಾರ ಇವು 'ಪೀಕ್ ಸೀಸನ್'. ಮಳೆಗಾಲ 'ಆಫ್ ಸೀಸನ್'. ಹೋದ ಜುಲೈಯಲ್ಲಿ ಕಡಿಮೆಗೆ ಕೊಟ್ಟಿದ್ದಿರಲ್ಲ ಎಂದು ಕೇಳಿದವರಿಗೆ: 'ದಟ್ ವಾಸ್ ದಿ ಆಫ್ ಸೀಸನ್ ರೇಟ್, ಸರ್.'

ತೆರಿಗೆಯ ಮಾತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲಿನದಕ್ಕೆ ಶೇ 18. ದರ ಹೇಳುವಾಗ 'ಪ್ಲಸ್ ಟ್ಯಾಕ್ಸ್' ಅಥವಾ 'ಇನ್‌ಕ್ಲೂಡಿಂಗ್ ಟ್ಯಾಕ್ಸ್' ಎರಡರಲ್ಲಿ ಒಂದನ್ನು ಸೇರಿಸಲೇಬೇಕು. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಹೋಂಸ್ಟೇ ತೆರಿಗೆ ಎಂದು ಏನನ್ನೂ ಕೇಳುವಂತಿಲ್ಲ.

ಬುಕಿಂಗ್ ಹಣಕ್ಕೆ ಎರಡು ಪದ: 'ಅಡ್ವಾನ್ಸ್' ಈಗ, 'ಬ್ಯಾಲೆನ್ಸ್' ಬಂದ ಮೇಲೆ. 'ನಾನ್ ರಿಫಂಡಬಲ್' ಎಂದು ಹೇಳುವುದಾದರೆ ದುಡ್ಡು ಬರುವ ಮೊದಲು ಹೇಳಿ, ಮೆಸೇಜಿನಲ್ಲೂ ಬರೆಯಿರಿ. ದುಡ್ಡು ಬಂದ ಮೇಲೆ ಹೇಳಿದ ಷರತ್ತು ಷರತ್ತಲ್ಲ.

ತೋಟದ ಲೆಕ್ಕ

ಬಟವಾಡೆ ದಿನ ಕೈಗೆ ಬರುವ ಚೀಟಿಯಲ್ಲಿ 'ಗ್ರಾಸ್' ಒಟ್ಟು ಗಳಿಕೆ, 'ಡಿಡಕ್ಷನ್' ಕಡಿತ, 'ನೆಟ್' ಕೈಗೆ ಬರುವುದು. ಪಿ.ಎಫ್. ಇದ್ದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12 ಹೋಗುತ್ತದೆ, ಅದು ನಿಮ್ಮ ಖಾತೆಯಲ್ಲೇ ಇರುತ್ತದೆ. ಇ.ಎಸ್.ಐ. (ನೌಕರರ ವಿಮೆ) ಇರುವ ರೆಸಾರ್ಟ್, ಕಾರ್ಖಾನೆಗಳಲ್ಲಿ ನೌಕರರ ಪಾಲು ಶೇ 0.75. 'ಅಡ್ವಾನ್ಸ್' ಇಲ್ಲಿ ಮೂರನೆಯ ವೇಷದಲ್ಲಿ ಬರುತ್ತದೆ: ನೀವು ಮೊದಲೇ ಪಡೆದ ಸಾಲ, ವಾರವಾರ ಮುರಿದುಕೊಳ್ಳುವಂಥದ್ದು. ಎಷ್ಟು ಪಡೆದಿರಿ, ಎಷ್ಟು ಮುರಿಯಿತು, ಎಷ್ಟು ಉಳಿಯಿತು ಎಂಬುದನ್ನು ತೋಟದ ಲೆಕ್ಕ ಬರೆಯುವ ರೈಟರ ಚೆಕ್‌ರೋಲಿಗೆ (ಹಾಜರಿ–ಕೂಲಿ ಪುಸ್ತಕಕ್ಕೆ) ಮಾತ್ರ ಬಿಡದೆ ನಿಮ್ಮ ಪುಸ್ತಕದಲ್ಲೂ ಬರೆದಿಡಿ.

ಚೀಟಿಯಲ್ಲಿನ 'ಓ.ಟಿ.' ಓವರ್‌ಟೈಮ್. ಕಾಫಿ ವ್ಯಾಪಾರಿಯ ಬಾಯಿಯ 'ಓ.ಟಿ.' ಔಟ್‌ಟರ್ನ್, ಎರಡಕ್ಕೂ ಸಂಬಂಧವಿಲ್ಲ. ಕಾಫಿ ದರ ಸಾಮಾನ್ಯವಾಗಿ 50 ಕೆಜಿ ಚೀಲಕ್ಕೆ, ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಎಂದು ನಾಲ್ಕು ಸಾಲಿನಲ್ಲಿ ಬರುತ್ತದೆ. ಚೆರಿ ಎಂದರೆ ಹಣ್ಣನ್ನು ಹಾಗೆಯೇ ಒಣಗಿಸಿದ್ದು, ಪಾರ್ಚ್‌ಮೆಂಟ್ ಎಂದರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು. 50 ಕೆಜಿ ಚೆರಿ ಮಿಲ್ಲಿಗೆ ಹಾಕಿದಾಗ ಎಷ್ಟು ಕೆಜಿ ಬೇಳೆ (ಸಿಪ್ಪೆ ಬಿಡಿಸಿದ ಕಾಫಿ ಬೀಜ) ಬರುತ್ತದೋ ಅದೇ ಓ.ಟಿ. ಉದಾಹರಣೆಗೆ ಓ.ಟಿ. 27, ಪಾಯಿಂಟಿಗೆ, ಅಂದರೆ ಒಂದು ಓ.ಟಿ.ಗೆ, 400 ಎಂದು ಹಿಡಿದರೆ ಚೀಲಕ್ಕೆ 10,800. ಓ.ಟಿ. 25ಕ್ಕೆ ಇಳಿದರೆ ಅದೇ ದರದಲ್ಲಿ 10,000. ಆದ್ದರಿಂದ ಚೆರಿ ಮಾರುವವರು 'ರೇಟ್ ಎಷ್ಟು' ಎಂದಷ್ಟೇ ಕೇಳಿದರೆ ಅರ್ಧ ಮಾತ್ರ ಕೇಳಿದಂತೆ. ಓ.ಟಿ. ತೆಗೆಯುವಾಗ ಎದುರಿಗೆ ನಿಲ್ಲಬೇಕು. 'ಮಾಯಿಶ್ಚರ್' ಎಂದರೆ ತೇವಾಂಶ, ಹೆಚ್ಚಿದ್ದರೆ ಕಾಫಿಗೂ ಕರಿಮೆಣಸಿಗೂ ದರ ಕಡಿತ.

ಸಾಲ, ಕಂತು

ಸಾಲ ಪಡೆಯುವುದು 'ಬಾರೋ', ಸಾಲ ಕೊಡುವುದು 'ಲೆಂಡ್'. 'ಕ್ಯಾನ್ ಯು ಬಾರೋ ಮಿ ಫೈವ್ ಹಂಡ್ರೆಡ್' ಎನ್ನುವುದು ತಪ್ಪು, 'ಲೆಂಡ್ ಮಿ' ಎನ್ನಬೇಕು. 'ಐ ಓ ಯು' ಎಂದರೆ ನಾನು ನಿಮಗೆ ಕೊಡಬೇಕು. 'ಡ್ಯೂ ಡೇಟ್' ಕಟ್ಟಬೇಕಾದ ಕೊನೆಯ ದಿನ, 'ಓವರ್‌ಡ್ಯೂ' ಅದು ದಾಟಿದ್ದು.

ಕಂತಿನಲ್ಲಿ ಫ್ರಿಜ್ಜು, ಬೈಕು ಕೊಳ್ಳುವಾಗ 'ಫ್ಲಾಟ್ ರೇಟ್' ಕೇಳಿದರೆ ಎಚ್ಚರ. 60,000 ರೂಪಾಯಿಗೆ ಫ್ಲಾಟ್ ಶೇ 12, ಎರಡು ವರ್ಷ ಎಂದರೆ ಬಡ್ಡಿ 14,400, ತಿಂಗಳ ಕಂತು 3,100. ಅಸಲು ತಿಂಗಳು ತಿಂಗಳು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಅರವತ್ತು ಸಾವಿರದ ಮೇಲೇ ಓಡುತ್ತದೆ. 'ರೆಡ್ಯೂಸಿಂಗ್ ಬ್ಯಾಲೆನ್ಸ್', ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕಕ್ಕೆ ತಂದರೆ ಇದು ಸುಮಾರು ಶೇ 21.6. ಹಾಗಾಗಿ ಫ್ಲಾಟ್ 12ಕ್ಕಿಂತ ರೆಡ್ಯೂಸಿಂಗ್ 16 ಅಗ್ಗ. ಬ್ಯಾಂಕ್, ಫೈನಾನ್ಸ್ ಕಂಪನಿಗಳು ಸಾಲಕ್ಕೆ ಮುನ್ನ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಬೇಕು. ಅದರಲ್ಲಿ ಎ.ಪಿ.ಆರ್. (ಸಾಲದ ಒಟ್ಟು ವೆಚ್ಚ ವರ್ಷಕ್ಕೆ ಶೇಕಡಾ ಎಷ್ಟು) ಎಂಬ ಒಂದೇ ಅಂಕಿ ನೋಡಿ, ಪ್ರೊಸೆಸಿಂಗ್ ಫೀಯೂ ಅದರೊಳಗೆ ಸೇರಿರುತ್ತದೆ. ಅದನ್ನು ಕನ್ನಡದಲ್ಲಿ ವಿವರಿಸಿ ಎಂದು ಕೇಳುವುದು ನಿಮ್ಮ ಹಕ್ಕು, ನಾಚಿಕೆ ಬೇಡ.

ಫೋನಿನಲ್ಲಿ ಪಾವತಿ

'ಡೆಬಿಟೆಡ್' ಖಾತೆಯಿಂದ ಹೋಯಿತು, 'ಕ್ರೆಡಿಟೆಡ್' ಬಂತು. 'ಪೆಂಡಿಂಗ್' ಎಂದರೆ ಇನ್ನೂ ತೀರ್ಮಾನವಾಗಿಲ್ಲ, ತಕ್ಷಣ ಎರಡನೆಯ ಸಲ ಕಳಿಸಬೇಡಿ. 'ಫೇಲ್ಡ್' ಬಂದು ದುಡ್ಡು ಹೋಗಿದ್ದರೆ ಬಹುತೇಕ ತಾನಾಗಿ ವಾಪಸ್ ಬರುತ್ತದೆ, ಅದಕ್ಕೆ 'ರಿವರ್ಸಲ್' ಎನ್ನುತ್ತಾರೆ. ದುಡ್ಡು ಪಡೆಯಲು ಪಿನ್ ಹಾಕಬೇಕಾಗಿಲ್ಲ. ಪಿನ್ ಕೇಳಿತು ಎಂದರೆ ಹೋಗುತ್ತಿರುವುದು ನಿಮ್ಮ ದುಡ್ಡೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಕರೆಂಟು, ನೆಟ್‌ವರ್ಕ್ ಹೋಗುವುದು ಇಲ್ಲಿ ಮಾಮೂಲು. ಆ ತಿಂಗಳುಗಳಲ್ಲಿ ನೂರು, ಐವತ್ತರ ನೋಟುಗಳಲ್ಲಿ ಸ್ವಲ್ಪ ನಗದು ಮನೆಯಲ್ಲಿರಲಿ.

ತಕರಾರು ಬಂದಾಗ

ದನಿ ಏರಿಸುವ ಮೊದಲು ಈ ವಾಕ್ಯಗಳನ್ನು ಹೇಳಿ ನೋಡಿ. 'ದೇರ್ ಈಸ್ ಎ ಮಿಸ್ಟೇಕ್ ಇನ್ ದಿ ಬಿಲ್.' 'ವಿ ಡಿಡ್‌ನಾಟ್ ಆರ್ಡರ್ ದಿಸ್.' 'ಯು ಹ್ಯಾವ್ ಚಾರ್ಜ್ಡ್ ಅಸ್ ಟ್ವೈಸ್.' ಎರಡು ಸಲ ಹಾಕಿದ್ದೀರಿ ಎಂದು. 'ರಿಫಂಡ್' ಕೇಳಿದರೆ ದುಡ್ಡು ವಾಪಸ್, 'ಎಕ್ಸ್‌ಚೇಂಜ್' ಎಂದರೆ ವಸ್ತು ಬದಲಾವಣೆ, 'ಕ್ರೆಡಿಟ್ ನೋಟ್' ಕೊಟ್ಟರೆ ಅದೇ ಅಂಗಡಿಯಲ್ಲಿ ಮತ್ತೆ ಕೊಳ್ಳಬೇಕಾದ ಚೀಟಿ. ನೀವು ಕೇಳುವುದು ಯಾವುದು ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿ.

ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಫೋನಿನಲ್ಲಿ ದುಡ್ಡು ಮೋಸವಾದರೆ 1930ಕ್ಕೆ ಆ ಗಳಿಗೆಯಲ್ಲೇ ಕರೆ ಮಾಡಿ, ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಕರೆಂಟ್ ಬಿಲ್ಲಿನ ದೂರಿಗೆ 1912. ಜಿಲ್ಲಾ ಗ್ರಾಹಕ ಆಯೋಗ ಮಡಿಕೇರಿಯಲ್ಲಿದೆ. ನೀವು ಕೊಟ್ಟ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ದೂರು ನಿಲ್ಲುವುದು ಬಿಲ್ಲಿನ ಮೇಲೆ, ಬಿಲ್ಲು ಇಲ್ಲದಿದ್ದರೆ ಪಾವತಿಯ ಮೆಸೇಜ್, ದರ ಒಪ್ಪಿದ ವಾಟ್ಸ್ಯಾಪ್ ಮಾತುಕತೆಯಾದರೂ ಬೇಕು. ಶಾಯಿ ಮಾಸುವ ಥರ್ಮಲ್ ಕಾಗದದ ಬಿಲ್ಲಾದರೆ ಅದೇ ದಿನ ಫೋಟೋ ತೆಗೆದಿಡಿ.